ಗೋಡೆಗೆ ಅಂಗೈ ಇಟ್ಟು ನೋಡುವವರು

ಮನೆ ಮಾರಲು ಹೊರಟಿರುವ ತಮ್ಮಂದಿರೇ, ತಂಗಿಯರೇ, ನಿಮಗೆ ನಾಲ್ಕು ಮಾತು ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ನಮ್ಮ ಅಣ್ಣನ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಅಣ್ಣ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಮಕ್ಕಳಲ್ಲಿ ಒಬ್ಬ ಪುಣೆ ಸೇರಿದ್ದ, ಇಬ್ಬರು ಬೆಂಗಳೂರು ಸೇರಿದ್ದರು. ‘ಕಾಕಾ, ನೀವೇ ನಿಂತು ಮಾರಿಬಿಡ್ರಿ’ ಎಂದರು. ನೀರು ಇಳಿದು ಮೂರು ತಿಂಗಳೂ ಆಗಿರಲಿಲ್ಲ. ಗೋಡೆಯ ಮೇಲೆ ನೀರು ನಿಂತ ಗೆರೆ ಕಂದು ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಕಂಡರೆ ಯಾರು ತಗೊಂಡಾರು ಎಂದು ಹೆದರಿ, ಪೇಂಟರನ್ನು ಕರೆಸಿ ಎರಡು ಕೋಟು ಬಣ್ಣ ಹೊಡೆಸಿದೆ. ಮನೆ ಫಳಫಳ ಹೊಳೆಯಿತು.

ನೋಡಲು ಬಂದವರು ಒಕ್ಕಲು ಮನೆತನದವರು. ಗಂಡಸರು ತೊಲೆ, ಕಂಬ ನೋಡಿದರು, ತಲೆ ತೂಗಿದರು. ಅವರ ಜೊತೆ ಒಬ್ಬ ಮುದುಕಿ ಬಂದಿದ್ದಳು. ಆಕೆ ಏನನ್ನೂ ನೋಡಲಿಲ್ಲ. ಪಡಸಾಲೆಯ ಗೋಡೆಗೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಆಮೇಲೆ ಮಗನಿಗೆ ಅಂದಳು: ‘ಗ್ವಾಡಿ ತಣ್ಣಗ ಐತಿ. ಈ ಮನಿ ನೀರ ಕುಡದೈತಿ, ಇವ್ರು ನಮಗ ಹೇಳವಲ್ರು.’ ಚಹಾ ಕುಡಿಯದೆ ಎದ್ದುಹೋದರು. ಆ ಮಾತು ಊರ ತುಂಬ ಹಬ್ಬಿತು. ಒಂದು ವರ್ಷ ಆ ಮನೆಯ ಹೊಸ್ತಿಲು ಯಾರೂ ತುಳಿಯಲಿಲ್ಲ. ಅವರು ಬಿಟ್ಟುಹೋದದ್ದು ನೀರಿಗೆ ಹೆದರಿ ಇರಲಿಕ್ಕಿಲ್ಲ. ಹೊಳೆದಂಡೆಯ ಮಂದಿ ನೀರು ಕಾಣದವರೇನಲ್ಲ. ನಾನು ಮುಚ್ಚಿಟ್ಟೆ ಎಂಬುದಕ್ಕೆ ಬಿಟ್ಟುಹೋದರು. ಒಂದನ್ನು ಮುಚ್ಚಿಟ್ಟವನು ಇನ್ನೆಷ್ಟನ್ನು ಮುಚ್ಚಿಟ್ಟಾನೋ ಎಂಬ ಸಂಶಯ ಒಮ್ಮೆ ಹೊಕ್ಕರೆ ಗಟ್ಟಿ ಕಂಬವೂ ಟೊಳ್ಳಾಗಿ ಕಾಣುತ್ತದೆ.

ಹಾಗಾಗಿ ನಾನು ಹೇಳುವ ಎಲ್ಲ ಮಾತಿಗೂ ಬುನಾದಿ ಒಂದೇ: ಕೊಳ್ಳುವವರ ಕಣ್ಣಿಗೆ ಮನೆ ಚೊಕ್ಕ ಕಾಣಬೇಕು, ಜೊತೆಗೆ ಇದ್ದದ್ದು ಇದ್ದಂತೆಯೂ ಕಾಣಬೇಕು.

ಬೀಗ ಹಾಕಿದ ಮನೆಗೆ ಮೊದಲು ಉಸಿರು ಬರಲಿ

ನಮ್ಮ ಕಡೆಯ ಊರುಗಳಲ್ಲಿ, ಜಮಖಂಡಿಯ ಹಳೇ ಪೇಟೆಯಿಂದ ಬನಹಟ್ಟಿಯ ನೇಕಾರರ ಓಣಿಯವರೆಗೆ, ಬೀಗ ಹಾಕಿದ ಮನೆಗಳು ಬಹಳ. ಮಕ್ಕಳು ಶನಿವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ಬೆಳಿಗ್ಗೆ ಇಳಿಯುತ್ತಾರೆ, ಹತ್ತು ಗಂಟೆಗೆ ದಲಾಲ ಗಿರಾಕಿಯನ್ನು ಕರೆತರುತ್ತಾನೆ, ಅವರ ಎದುರಿಗೇ ಬೀಗ ತೆಗೆಯುತ್ತಾರೆ. ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ, ಜೇಡರ ಬಲೆ, ಬಚ್ಚಲಲ್ಲಿ ಜಿರಳೆ. ಆಮೇಲೆ ನೀವು ಏನು ಹೇಳಿದರೂ ಆ ಮೊದಲ ಉಸಿರಿನ ವಾಸನೆ ಅವರ ಮೂಗಿನಿಂದ ಹೋಗುವುದಿಲ್ಲ.

ಹದಿನೈದು ದಿನ ಮೊದಲೇ ಒಬ್ಬರು ಬಂದು ಉಳಿಯಿರಿ. ಆಗದಿದ್ದರೆ ನಂಬಿಕೆಯ ನೆರೆಯವರಿಗೆ ಬೀಗದಕೈ ಕೊಟ್ಟು, ದಿನಾ ಬೆಳಿಗ್ಗೆ ಕಿಟಕಿ ತೆರೆಸಿ ಸಂಜೆ ಮುಚ್ಚಿಸಿರಿ. ನಲ್ಲಿಗಳನ್ನೆಲ್ಲ ಬಿಟ್ಟು ಹಳೆಯ ನೀರು ಹರಿಸಿರಿ; ಬಳಸದ ಬಚ್ಚಲ ಕೊಳವೆಯಲ್ಲಿ ನೀರು ಆರಿದರೆ ಗಟಾರದ ವಾಸನೆ ಒಳಗೆ ಏರುತ್ತದೆ, ನಾಲ್ಕು ಬಿಂದಿಗೆ ನೀರು ಸುರಿದರೆ ನಿಲ್ಲುತ್ತದೆ. ಒಂದು ರಾತ್ರಿಯಾದರೂ ಆ ಮನೆಯಲ್ಲಿ ಮಲಗಿ, ಒಲೆ ಹಚ್ಚಿ ಅಡುಗೆ ಮಾಡಿರಿ. ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಬಲ್ಬು ಹತ್ತುವುದಿಲ್ಲ, ನಗರಸಭೆಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಅವರು ಕೇಳಿದಾಗ ‘ನಮಗೆ ಗೊತ್ತಿಲ್ರಿ, ನಾವು ಇಲ್ಲಿ ಇರೂದಿಲ್ಲ’ ಎಂಬ ಉತ್ತರ ಕೊಡುವ ಹಾಗಾಗಬಾರದು.

ಸಾಮಾನು ಖಾಲಿ ಮಾಡುವ ಮುನ್ನ ಅಕ್ಕತಂಗಿಯರನ್ನು ಕರೆಯಿರಿ

ಅಟ್ಟದ ಮೇಲಿನ ಹಂಡೆ, ಅಡಕಲ ಗಡಿಗೆ, ಬೀಸುವ ಕಲ್ಲು, ಹಳೆಯ ಪೆಟ್ಟಿಗೆ, ನುಸಿ ತಿಂದ ಗಾದಿ ಎಲ್ಲ ತುಂಬಿದ ಕೋಣೆ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ. ತೆಗೆಯಲೇಬೇಕು. ಆದರೆ ಗುಜರಿಯವನನ್ನು ಕರೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕರೆಯಿರಿ. ಅವ್ವನ ಹಂಡೆ ಗುಜರಿ ಅಂಗಡಿಯಲ್ಲಿ ಕಂಡ ತಂಗಿ, ಆಮೇಲೆ ಖರೀದಿ ಪತ್ರಕ್ಕೆ ಸಹಿ ಹಾಕಲು ಬರುವಾಗ ಯಾವ ಮನಸ್ಸಿನಿಂದ ಬಂದಾಳು? ಎಲ್ಲರೂ ಒಂದು ದಿನ ಕೂಡಿ, ರೊಟ್ಟಿ ತಿಂದು, ಅವರವರಿಗೆ ಬೇಕಾದದ್ದನ್ನು ಒಯ್ಯಲಿ. ಜಗಲಿಯ ಮೇಲಿನ ದೇವರನ್ನು ಎಲ್ಲಿಗೆ ಒಯ್ಯಬೇಕೆಂಬುದೂ ಆ ದಿನವೇ ತೀರ್ಮಾನವಾಗಲಿ.

ಖಾಲಿ ಮಾಡುವಾಗ ಮನೆಯ ಆಭರಣಗಳನ್ನು ಕೆಡಿಸಬೇಡಿ. ಜಮಖಂಡಿಯ ಹಳೆಯ ವಾಡೆ ಮಾದರಿಯ ಮನೆಗಳಲ್ಲಿ ಸಾಗವಾನಿ ಕಂಬ, ಕೆತ್ತನೆಯ ಬೋದಿಗೆ, ದಪ್ಪ ತಲಬಾಗಿಲು ಇನ್ನೂ ಉಳಿದಿವೆ. ಅವಕ್ಕೆ ಹಸಿರು, ಕಂದು ಆಯಿಲ್ ಪೇಂಟ್ ಬಳಿದು ಹೊಸದು ಮಾಡಲು ಹೋಗಬೇಡಿ. ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಅಗಸಿ ಎಣ್ಣೆ ತೆಳ್ಳಗೆ ಉಜ್ಜಿದರೆ ಸಾಕು, ಕಟ್ಟಿಗೆಯ ಎಳೆ ಎದ್ದು ಕಾಣುತ್ತದೆ. ಎಣ್ಣೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಚ್ಚಿ ಹೊರಗೆ ಒಣಹಾಕಿರಿ. ಬೆಳಕಿಂಡಿಯ ಗಾಜು ತೊಳೆಸಿರಿ. ಎಷ್ಟೋ ವರ್ಷಗಳ ಹೊಗೆ ಹೋದೊಡನೆ ನಡುಮನೆಗೆ ಬೆಳಕಿನ ಕಂಬ ಇಳಿಯುತ್ತದೆ.

ನೆಲದ ಕೆಳಗಿನದನ್ನೂ ತೋರಿಸಿರಿ

ರಬಕವಿ-ಬನಹಟ್ಟಿಯ ನೇಕಾರರ ಹಳೆಯ ಮನೆಗಳಲ್ಲಿ ಪಡಸಾಲೆಯೇ ಕಾರ್ಖಾನೆ. ಕುಣಿಮಗ್ಗದ ತಗ್ಗು ನೆಲದಲ್ಲೇ ಇರುತ್ತದೆ. ನೇಕಾರ ಅದರೊಳಗೆ ಕಾಲು ಬಿಟ್ಟು ಕುಳಿತು ತುಳಿಯುತ್ತಿದ್ದ. ಮಾರುವ ಅವಸರಕ್ಕೆ ಕೆಲವರು ಆ ತಗ್ಗಿಗೆ ಒಡೆದ ಇಟ್ಟಂಗಿ, ಕಸ ತುಂಬಿ ಮೇಲೆ ಟೈಲ್ಸ್ ಹಾಸಿಬಿಡುತ್ತಾರೆ. ಎರಡು ಮಳೆಗಾಲದಲ್ಲಿ ನೆಲ ಕುಸಿಯುತ್ತದೆ, ಶಾಪ ನಿಮಗೆ ತಟ್ಟುತ್ತದೆ. ಕೊಳ್ಳುವವನು ನೇಕಾರನಾದರೆ ತಗ್ಗು ಹಾಗೇ ಇರಲಿ, ಅವನಿಗೆ ಅದು ಬೆಲೆಯುಳ್ಳದ್ದು. ಬೇರೆಯವರಿಗಾದರೆ ಗಟ್ಟಿ ಹಲಗೆ ಮುಚ್ಚಿ, ಬಂದಾಗ ತೆಗೆದು ತೋರಿಸಿರಿ. ತುಂಬಲೇಬೇಕೆಂದರೆ ಗರಸು ಮಣ್ಣನ್ನು ಗೇಣು ಗೇಣಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಬಡಿದು ಕೂಡಿಸಬೇಕು. ಎಲ್ಲಿ ತುಂಬಿದ್ದೇವೆ ಎಂಬುದನ್ನು ಹೇಳಬೇಕು.

ಹಗೇವಿನ ವಿಷಯ ಇನ್ನೂ ಗಂಭೀರ. ಜೋಳ ತುಂಬಲು ಅಜ್ಜಂದಿರು ಮನೆಯ ಮುಂದೆ, ಒಮ್ಮೊಮ್ಮೆ ಒಳಗೇ, ನೆಲ ತೋಡಿ ಮಾಡಿದ ಹಗೇವಿನ ಬಾಯಿ ಈಗ ಫರಸಿಯ ಕೆಳಗೆ ಅಡಗಿರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ಕಾರು ನಿಲ್ಲಿಸಿದರೆ, ಹೊಸ ಕಂಬ ಎಬ್ಬಿಸಿದರೆ ಗತಿಯೇನು? ಜಾಗ ಗುರುತು ಮಾಡಿ ತೋರಿಸಿರಿ. ನೆನಪಿಡಿ, ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಸ್ವಚ್ಛ ಮಾಡುತ್ತೇನೆಂದು ಯಾರೂ ಇಳಿಯಬೇಡಿ, ಕೂಲಿಯವರನ್ನೂ ಇಳಿಸಬೇಡಿ.

ಮ್ಯಾಳಿಗಿ ಮತ್ತು ಗೋಡೆ

ಮಣ್ಣಿನ ಮ್ಯಾಳಿಗಿಯಿದ್ದರೆ ಮಳೆಗಾಲಕ್ಕೆ ಮೊದಲು ಹುಲ್ಲು ಕಿತ್ತು, ಸವಳು ಮಣ್ಣು ಹರವಿ, ನೀರು ಹೊರಹೋಗುವ ದೋಣಿಯ ಬಾಯಿ ಬಿಡಿಸಿರಿ. ಸೋರಿಕೆಯ ಕಲೆಗೆ ಬಣ್ಣ ಬಳಿಯುವ ಮೊದಲು ಸೋರುವುದನ್ನು ನಿಲ್ಲಿಸಿರಿ. ಒಂದು ದೊಡ್ಡ ಮಳೆ ಬಿದ್ದ ಮರುದಿನ ಗಿರಾಕಿಯನ್ನು ಕರೆದು ತೋರಿಸುವ ಧೈರ್ಯ ನಿಮಗಿದ್ದರೆ, ಮ್ಯಾಳಿಗಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಅದರ ಜೊತೆ ಗೋಡೆಯೂ ಬಿರಿಯುತ್ತದೆ. ಎಲ್ಲ ಬಿರುಕೂ ಅಪಾಯವಲ್ಲ. ಬಿರುಕಿಗೆ ಅಡ್ಡಲಾಗಿ ಅಲ್ಲಲ್ಲಿ ಪ್ಲಾಸ್ಟರಿನ ಸಣ್ಣ ತೇಪೆ ಹಚ್ಚಿ, ಮೇಲೆ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ತೇಪೆ ಸೀಳದಿದ್ದರೆ ಬಿರುಕು ಹಳೆಯದು, ನಿಂತುಹೋಗಿದೆ ಎಂದು ತಿಳಿಯಬಹುದು. ಸೀಳಿದರೆ ಎಂಜಿನಿಯರನ್ನು ಕರೆಸಿರಿ. ತಾರೀಖು ಬರೆದ ತೇಪೆಯನ್ನು ಕೊಳ್ಳುವವನಿಗೆ ತೋರಿಸಿರಿ. ಮನೆಯನ್ನು ನಿಗಾ ಇಟ್ಟು ನೋಡಿಕೊಂಡಿದ್ದಾರೆ ಎಂದು ಅವನಿಗೆ ಅರ್ಥವಾಗುತ್ತದೆ.

ಕಬ್ಬಿಗೆ ನೀರು ಹರಿಸಿ ಹರಿಸಿ ನಮ್ಮ ಕಡೆಯ ಎಷ್ಟೋ ಹೊಲ ಸವಳು-ಜವಳಾಗಿದೆ. ಅಂಥ ನೆಲದ ಮೇಲಿನ ಮನೆಯಲ್ಲಿ ಗೋಡೆಯ ಬುಡಕ್ಕೆ ಬಿಳಿ ಉಪ್ಪು ಹೊಮ್ಮಿ ಗಿಲಾಯಿ ಉದುರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಉಳಿದು, ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಒಣಗಲು ಬಿಟ್ಟು, ಸುಣ್ಣ ಹಚ್ಚಿರಿ. ಸುಣ್ಣ ಗೋಡೆಯ ತೇವವನ್ನು ಹೊರಬಿಡುತ್ತದೆ. ನೆರೆನೀರು ಹೊಕ್ಕ ಮಣ್ಣಿನ ಗೋಡೆಗೆ ಮೂರು ತಿಂಗಳು ಸಾಲದು, ಒಂದು ಪೂರ್ತಿ ಬೇಸಿಗೆ ಬೇಕು. ಇದನ್ನು ನಾನು ಕಲಿತದ್ದು ಆ ಮುದುಕಿಯ ಅಂಗೈಯಿಂದ.

ಹೊತ್ತು ನೋಡಿ ಕರೆಯಿರಿ

ದೊಡ್ಡ ನಗರಗಳಲ್ಲಿ ಈಗ ಬಾಡಿಗೆಗೆ ಸೋಫಾ, ಪರದೆ, ಹೂಕುಂಡ ತಂದಿಟ್ಟು ಖಾಲಿ ಮನೆಯನ್ನು ಸಿಂಗರಿಸುವ ಉದ್ಯೋಗವೇ ಬೆಳೆದಿದೆ. ನಮ್ಮ ಮಣ್ಣಿನ ಮನೆಗೆ ಅದು ಬೇಡ, ಅದಕ್ಕೆ ಅದರದೇ ಗುಣವಿದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ, ನಡುಮಧ್ಯಾಹ್ನ ಎರಡು ಗಂಟೆಗೆ ಕರೆಯಿರಿ. ಹೊರಗೆ ಕೆಂಡದಂಥ ಬಿಸಿಲಲ್ಲಿ ಬಂದವರು ದಪ್ಪ ಗೋಡೆಯ ಪಡಸಾಲೆಯಲ್ಲಿ ಕುಳಿತು ಒಂದು ತಂಬಿಗೆ ನೀರು ಕುಡಿಯಲಿ. ಆರ್‌ಸಿಸಿ ಮನೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವರ ಮೈಯೇ ಹೇಳುತ್ತದೆ.

ಬನಹಟ್ಟಿಯಲ್ಲಿ ಪಕ್ಕದ ಮನೆಯಲ್ಲಿ ಪಾವರ್‌ಲೂಮ್ ಇದ್ದರೆ, ಮಗ್ಗ ನಿಂತ ದಿನ ನೋಡಿ ಗಿರಾಕಿಯನ್ನು ಕರೆಯುವ ಜಾಣತನ ಬೇಡ. ಖಟಖಟ ಸದ್ದು ನಡೆದಿರುವಾಗಲೇ ಬರಲಿ. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ನಿದ್ದೆಯ ಜೋಗುಳ. ಆಗದವರು ಅಂದೇ ಹೇಳಿ ಹೋಗುತ್ತಾರೆ, ಸಂಚಕಾರ ಕೊಟ್ಟ ಮೇಲೆ ಜಗಳ ಬರುವುದಿಲ್ಲ.

ಬಾಡಿಗೆದಾರರಿದ್ದರೆ ಎರಡು ದಿನ ಮೊದಲೇ ಕೇಳಿ, ಅವರ ಅನುಕೂಲದ ಹೊತ್ತಿಗೆ ಹೋಗಿರಿ. ಅವರ ಅಡುಗೆಮನೆಗೆ ಹೇಳದೆ ಕೇಳದೆ ಹತ್ತು ಮಂದಿಯನ್ನು ನುಗ್ಗಿಸುವುದು ಮರ್ಯಾದೆಯಲ್ಲ.

ಬಂದವರನ್ನು ಬಿಟ್ಟುಬಿಡಿ

ನಮ್ಮ ಕಡೆ ಮನೆ ನೋಡಲು ಒಬ್ಬರು ಬರುವುದಿಲ್ಲ; ಅವ್ವ, ಅತ್ತಿ, ಬೀಗರು, ಒಬ್ಬ ಬಡಿಗೇರ, ಇಬ್ಬರು ಮಕ್ಕಳು. ನೀರು ಕೊಡಿ, ಚಹಾ ಕೊಡಿ, ಆಮೇಲೆ ಹಿಂದೆ ಹಿಂದೆ ಸುತ್ತಬೇಡಿ. ಹೆಣ್ಣುಮಕ್ಕಳು ಅಡುಗೆಮನೆ, ಬಚ್ಚಲು, ಹಿತ್ತಲನ್ನು ತಾವೇ ನೋಡಲಿ. ಅವರು ನೀರಿನ ತೊಟ್ಟಿಯಿಂದ ಒಲೆಗೆ ಹೆಜ್ಜೆ ಎಣಿಸುತ್ತಾರೆ, ಬಾಣಂತಿಗೆ ಕೋಣೆ ಯಾವುದೆಂದು ಮನಸ್ಸಿನಲ್ಲೇ ಹಂಚುತ್ತಾರೆ. ಆ ಮಾತಿಗೆ ನಿಮ್ಮ ಮುಂದೆ ಸಂಕೋಚ. ಮನೆ ಹಿಡಿಸಿತೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಬಡಿಗೇರ ಆಯ ಅಳೆದು ‘ಕೂಡೂದಿಲ್ರಿ’ ಎಂದರೆ ವಾದ ಮಾಡಬೇಡಿ. ಅವರ ನಂಬಿಕೆ ಅವರದು. ‘ನಾವು ಇಷ್ಟು ವರ್ಷ ಇದ್ವಿ, ನಮಗ ಛಲೋ ಆಗೇತಿ’ ಎಂಬಷ್ಟು ಸಾಕು. ಅದೂ ನಿಜವಿದ್ದರೆ ಮಾತ್ರ ಹೇಳಿರಿ.

ಹೋಗುವಾಗ ಅವರು ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ವಿಚಾರಿಸಿಯೇ ಹೋಗುತ್ತಾರೆ. ಆದ್ದರಿಂದ ಗಟಾರದ್ದೋ, ನಡುಗೋಡೆಯದ್ದೋ, ನಿಮ್ಮ ದೋಣಿಯ ನೀರು ಅವರ ಅಂಗಳಕ್ಕೆ ಬೀಳುವುದರದ್ದೋ ತಕರಾರು ಇದ್ದರೆ ಮೊದಲೇ ಹೋಗಿ ಕೈ ಮುಗಿದು ಬಗೆಹರಿಸಿರಿ. ಮನೆ ಮಾರಾಟವಾಗಲಿ, ಬಿಡಲಿ, ಓಣಿಯ ಋಣ ತೀರಿಸಿ ಹೋದ ಹಾಗಾಗುತ್ತದೆ.

ಕಾಗದದ ಮನೆಯನ್ನೂ ಗುಡಿಸಿರಿ

ಗೋಡೆಯ ಮನೆಯಷ್ಟೇ ಚೊಕ್ಕವಾಗಿ ಕಾಗದದ ಮನೆಯೂ ಇರಬೇಕು. ಒಂದು ಫೈಲು ಮಾಡಿರಿ: ಸಿಟಿ ಸರ್ವೆ ಉತಾರ, ಪಟ್ಟಣದೊಳಗಾದರೆ ಇ-ಖಾತಾ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇ.ಸಿ., ತೆರಿಗೆ ಪಾವತಿ, ಹೆಸ್ಕಾಂ ಬಿಲ್ಲು. ಬಂದವರಿಗೆ ಝೆರಾಕ್ಸ್ ಕೊಡಿ, ಮೂಲ ಪ್ರತಿ ಕೈಬಿಡಬೇಡಿ. ಸಾಲ ತೀರಿದ್ದರೂ ಉತಾರದಲ್ಲಿ ಬೋಜಾ ಹಾಗೇ ಕುಳಿತಿರುತ್ತದೆ, ತೆಗೆಸಿರಿ. ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿರಿ.

ವಾರಸಾ ಎಂದೊಡನೆ ಗಂಡುಮಕ್ಕಳ ಹೆಸರು ಮಾತ್ರ ಬರೆಯುವ ಕಾಲ ಹೋಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಕೊಳ್ಳುವವನು ಮೊದಲು ಕೇಳುವ ಪ್ರಶ್ನೆಯೇ ‘ಹೆಣ್ಮಕ್ಕಳ ಸಹಿ ಆಗತಾವೇನ್ರಿ?’ ಅದಕ್ಕೆ ಅಕ್ಕತಂಗಿಯರೇ ಪಡಸಾಲೆಯಲ್ಲಿ ಕುಳಿತು ಉತ್ತರ ಕೊಡುವಂತಾಗಲಿ.

ಹಳೆಯ ಕಾಗದದ ಬಗ್ಗೆಯೂ ಒಂದು ಮಾತು: ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ಎರಡೂ 1948ರಲ್ಲಿ ಮುಂಬೈ ಪ್ರಾಂತ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಹಾಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಮರಾಠಿ ಭಾಷೆಯ, ಮೋಡಿ ಲಿಪಿಯ ಕಾಗದ ಸಿಕ್ಕರೆ ಓದಲು ಬಾರದ ರದ್ದಿ ಎಂದು ಎಸೆಯಬೇಡಿ. ಬಲ್ಲವರಿಂದ ಓದಿಸಿರಿ. ಮನೆಯ ಚಕ್ಕುಬಂದಿ ಅದರಲ್ಲೇ ಇದ್ದೀತು.

ಬೀಳಗಿ ಕಡೆಯವರಿಗೆ ಒಂದು ಪ್ರಶ್ನೆ ತಪ್ಪದು: ‘ಇದು ಮುಳುಗಡ್ಯಾಗ ಬರತೈತೇನು?’ ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್; 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಹಿನ್ನೀರಿನ ಅಂಚಿನ ಮನೆಯಾದರೆ, ಭೂಸ್ವಾಧೀನದ ನೋಟಿಸು ಬಂದಿದೆಯೋ, ಪಟ್ಟಿಯಲ್ಲಿ ಹೆಸರಿದೆಯೋ, ಪುನರ್ವಸತಿ ಕೇಂದ್ರದಲ್ಲಿ ನಿವೇಶನದ ಹಕ್ಕುಪತ್ರ ಸಿಕ್ಕಿದೆಯೋ ಎಲ್ಲವನ್ನೂ ವಿಚಾರಿಸಿಟ್ಟುಕೊಂಡು ಮುಚ್ಚುಮರೆಯಿಲ್ಲದೆ ಹೇಳಿರಿ. ಕೊಳ್ಳುವವನ ಜೀವಮಾನದ ಗಳಿಕೆ ಅದು.

ದೋಷ ಮುಚ್ಚಿಡಬಾರದೆಂಬುದು ಬರೀ ನೀತಿಯ ಮಾತೂ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಇದನ್ನೇ ಹೇಳುತ್ತದೆ: ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ದೊಡ್ಡ ದೋಷವಿದ್ದರೆ, ಮಾರುವವನು ಅದನ್ನು ಹೇಳಲೇಬೇಕು.

ಗೆರೆಯ ಪಕ್ಕ ತಾರೀಖು

ಮುಧೋಳದ ಆ ಮನೆಗೆ ಮರಳಿ ಬರುತ್ತೇನೆ. ಮುಂದಿನ ಬೇಸಿಗೆಗೆ ನಾನು ಹೊಡೆಸಿದ ಬಣ್ಣವನ್ನು ನಾನೇ ಕೆರೆಸಿದೆ. ಇಡೀ ಬೇಸಿಗೆ ಗೋಡೆ ಬಿಸಿಲುಗಾಳಿಗೆ ಒಣಗಿತು. ಬುಡದ ಗಿಲಾಯಿ ಕಿತ್ತು ಹೊಸದು ಮಾಡಿಸಿ ಸುಣ್ಣ ಹಚ್ಚಿಸಿದೆ. ತಲಬಾಗಿಲ ಒಳಬದಿಗೆ ಒಂದು ಮೊಳದಷ್ಟು ಜಾಗ ಹಾಗೇ ಬಿಟ್ಟು, ನೀರಿನ ಗೆರೆಯ ಪಕ್ಕ ‘ಆಗಸ್ಟ್ 2019’ ಎಂದು ಬರೆಸಿದೆ. ಅಣ್ಣನ ಮಕ್ಕಳು ಗಾಬರಿಯಾದರು. ‘ಕಾಕಾ, ಹಿಂಗ ಮಾಡಿದ್ರ ಯಾರು ತಗೋತಾರ?’ ಎಂದರು.

ತಗೊಂಡವನು ಕೃಷ್ಣೆಯ ದಂಡೆಯ ಹಳ್ಳಿಯವನು, ಅದೇ 2019ರಲ್ಲಿ ಅವನ ಮನೆಗೂ ನೀರು ಬಂದಿತ್ತು. ಬಾಗಿಲೊಳಗೆ ಕಾಲಿಟ್ಟವನು ಮೊದಲು ಆ ಗೆರೆ ನೋಡಿದ, ನೆಟ್ಟಗೆ ನಿಂತು ತನ್ನ ಎದೆಗೆ ಅಳತೆ ಹಿಡಿದ. ಆಮೇಲೆ ಗೋಡೆಗೆ ಅಂಗೈ ಇಟ್ಟ. ‘ಒಣಗೇತಿ’ ಎಂದ. ನಾನು ಕೇಳಿದ ಬೆಲೆಗಿಂತ ಸ್ವಲ್ಪ ಇಳಿಸಿದ, ನಾನು ಒಪ್ಪಿದೆ. ಗೆರೆಗೆ ತಕ್ಕ ಬೆಲೆ ಇಳಿಯುವುದು ನ್ಯಾಯವೇ.

ಎರಡು ವರ್ಷದ ಮೇಲೆ ಆ ದಾರಿಯಲ್ಲಿ ಹೋದಾಗ ಒಳಗೆ ಕರೆದು ಚಹಾ ಕೊಟ್ಟ. ಕರೆಂಟಿನ ಬೋರ್ಡುಗಳನ್ನೆಲ್ಲ ಆ ಗೆರೆಗಿಂತ ಒಂದು ಗೇಣು ಮೇಲೆ ಕೂಡಿಸಿದ್ದ. ಕಾಳಿನ ಚೀಲ, ಮಕ್ಕಳ ಪುಸ್ತಕ, ಕಾಗದದ ಪೆಟ್ಟಿಗೆಗೆ ಗೆರೆಯ ಮೇಲೆ ಅಟ್ಟ ಕಟ್ಟಿಸಿದ್ದ. ನಾನು ಬರೆಸಿದ ತಾರೀಖನ್ನು ಅಳಿಸದೆ, ಅದರ ಸುತ್ತ ಸುಣ್ಣ ಹಚ್ಚಿಸಿದ್ದ.